ಕಳ್ಳ ಅಳತೆ

ನಮ್ಮ ಮೆಕ್ಯಾನಿಕಲ್ ವಿಭಾಗದಲ್ಲಿ ಉಳಿದವರೆಲ್ಲ ‘ಸರ್’ಗಳು, ಅವರೊಬ್ಬರು ಮಾತ್ರ ಮೇಷ್ಟ್ರು. ಮೂವತ್ತೊಂದು ವರ್ಷದಿಂದ ಅದೇ ಕೋಣೆ, ಅದೇ ಉದ್ದನೆಯ ಮೇಜು, ಕಿಟಕಿಗೆ ಬೆನ್ನು ಹಾಕಿದ ಅದೇ ಕುರ್ಚಿ. ಕೊನೆಯ ವರ್ಷದ ವಿನ್ಯಾಸ ಪ್ರಾಜೆಕ್ಟಿಗೆ ಅವರು ಗೈಡ್ ಆದರು ಎಂದರೆ ಹುಡುಗರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಲೋಕವೆಲ್ಲ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರೆ ಇವರಿಗೆ ಮಾತ್ರ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಕೈಯಾರೆ ಬರೆದ ಡ್ರಾಯಿಂಗೇ ಬೇಕು. ಅದು ಸಾಲದು ಎಂಬಂತೆ ಕಳ್ಳ ಅಳತೆಯ ಕಾಟ ಬೇರೆ.

ಕಳ್ಳ ಅಳತೆ ಎಂದರೆ ಇಷ್ಟೇ. ನಾವು ಬರೆದುಕೊಟ್ಟ ಶೀಟುಗಳನ್ನು ಅವರು ಒಂದು ವಾರ ಇಟ್ಟುಕೊಳ್ಳುತ್ತಿದ್ದರು. ಯಾವುದೋ ಒಂದು ಶೀಟಿನಲ್ಲಿ ಯಾವುದೋ ಒಂದು ಅಂಕಿಯನ್ನು ಅಳಿಸಿ, ಅದರ ಜಾಗದಲ್ಲಿ ನಮ್ಮದೇ ಕೈಬರಹದಲ್ಲಿ ತಪ್ಪು ಅಂಕಿ ಬರೆದು ವಾಪಸ್ ಕೊಡುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದಿದ್ದರೆ ಇಷ್ಟು ಹೊತ್ತಿಗೆ ಜೈಲಿನಲ್ಲಿರುತ್ತಿದ್ದರು ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಸರಿಯಾದ ಅಂಕಿ ಯಾವುದೆಂದು ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ನಮ್ಮ ರೋಲ್ ನಂಬರನ್ನೂ ತಾರೀಕನ್ನೂ ಬರೆದು ಡ್ರಾಯರಿನಲ್ಲಿ ಇಡುತ್ತಿದ್ದರು. ಕಳ್ಳನನ್ನು ಹಿಡಿದ ದಿನ ಲಕೋಟೆಯನ್ನು ನಮ್ಮೆದುರೇ ಒಡೆಯುವುದು. ಆಮೇಲೆ ಶೀಟುಗಳು ಇನ್ನೊಂದು ಸಲ ಅವರ ಮೇಜಿಗೆ ಹೋಗಿ ಸಹಿಯಾಗಿ ಬರುತ್ತಿದ್ದವು. ಸಹಿ ಇಲ್ಲದ ಶೀಟನ್ನು ವರ್ಕ್‌ಶಾಪಿನ ಫಿಟ್ಟರಣ್ಣ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಸಹಿ ಬಿದ್ದ ಶೀಟನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಕಳ್ಳ ಒಬ್ಬನೇ ಎನ್ನುವುದು ವಿಭಾಗದ ಗೋಡೆಗಳಿಗೂ ಗೊತ್ತಿತ್ತು.

“ಬರೆದವರು ತಮ್ಮ ಡ್ರಾಯಿಂಗನ್ನ ಓದಲ್ಲ ಕಣಮ್ಮ, ನೆನಪು ಮಾಡ್ಕೋತಾರೆ ಅಷ್ಟೆ,” ಎಂದು ಮೇಷ್ಟ್ರು ಹೇಳುತ್ತಿದ್ದರು. “ನಾನು ನಿಮಗೆ ಓದೋದನ್ನ ಕಲಿಸ್ತಿದೀನಿ.”

ನನ್ನ ಯಂತ್ರ ಹಾಸಿಗೆ ಹಿಡಿದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವಂಥದ್ದು. ಅದು ಹೊಳೆಯಲು ನಾನೇನೂ ಆಕಾಶ ನೋಡಬೇಕಾಗಿರಲಿಲ್ಲ. ಪಾರ್ಶ್ವವಾಯು ಹೊಡೆದ ಅಜ್ಜಿ ಮನೆಯಲ್ಲೇ ಇದ್ದಳು. ಅಮ್ಮನದು ಹೊಲಿಗೆ ಕೆಲಸ. ದಿನಕ್ಕೆ ನಾಲ್ಕು ಸಲ ಮೆಷಿನ್ ನಿಲ್ಲಿಸಿ, ಅತ್ತೆಯನ್ನು ತಬ್ಬಿ ಎತ್ತಿ ಕೂರಿಸಿ, ಮತ್ತೆ ಮಲಗಿಸಿ, ಸೊಂಟ ಹಿಡಿದುಕೊಂಡು ಮೆಷಿನ್ನಿಗೆ ವಾಪಸಾಗುತ್ತಿದ್ದಳು. ನನ್ನ ಯಂತ್ರಕ್ಕೆ ಒಂದು ಕಂಬ, ಅದರ ಮೇಲೊಂದು ಉದ್ದನೆಯ ತೋಳು, ತೋಳಿನ ತುದಿಗೆ ದಪ್ಪ ಬಟ್ಟೆಯ ಜೋಳಿಗೆ, ತೋಳನ್ನು ಏರಿಸಿ ಇಳಿಸಲು ಕೈಯಲ್ಲಿ ತಿರುಗಿಸುವ ಹಿಡಿ. ಜೋಳಿಗೆಯನ್ನು ಅಮ್ಮನೇ ಹೊಲಿದುಕೊಟ್ಟಿದ್ದಳು. “ನಿಮ್ಮಜ್ಜಿ ಜೊತೆ ನನ್ನನ್ನೂ ಹಾಕಿ ಎತ್ತೋ ಹಾಗೆ ಮಾಡೇ,” ಎನ್ನುತ್ತಿದ್ದಳು.

ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಮೇಷ್ಟ್ರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ, ‘ಆತುರ’ ಎಂದೇ ಕರೆಯುತ್ತಿದ್ದರು. ನನಗೆ ಕೋಪ ಬರುತ್ತಿತ್ತು. ಆದರೂ ಹೇಳಿಬಿಡುತ್ತೇನೆ, ಆ ನಾಲ್ಕು ವರ್ಷಗಳಲ್ಲಿ ನಾನು ಯಾರ ಕೋಣೆಗಾದರೂ ಸಂತೋಷದಿಂದ ಹೋಗಿದ್ದರೆ ಅದು ಅವರ ಕೋಣೆಗೆ ಮಾತ್ರ.

ಒಂಬತ್ತು ಶೀಟುಗಳಲ್ಲಿ ಕಳ್ಳನನ್ನು ನಾನು ಮೂರೇ ದಿನದಲ್ಲಿ ಹಿಡಿದೆ. ನಾಲ್ಕನೇ ಶೀಟಿನಲ್ಲಿ ಬುಡದ ಎರಡು ಕಾಲುಗಳ ನಡುವಿನ ಅಂತರ ಆರುನೂರ ನಲವತ್ತು ಮಿಲಿಮೀಟರ್ ಇದ್ದದ್ದು ನಾನೂರ ಅರವತ್ತಾಗಿತ್ತು. ಹಾಗೇ ಕತ್ತರಿಸಿದ್ದರೆ ಯಂತ್ರ ಕುರ್ಚಿಯ ಹತ್ತಿರಕ್ಕೇ ಹೋಗುತ್ತಿರಲಿಲ್ಲ. ಓಡಿಹೋಗಿ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಡ್ರಾಯರಿನಲ್ಲಿ ಬಹಳ ಹೊತ್ತು ತಡಕಾಡಿ ಲಕೋಟೆ ತೆಗೆದರು, ಒಡೆದರು, ಚೀಟಿ ಓದಿದರು. ಓದಿದ ಮೇಲೆ ನಕ್ಕರು.

“ಭಲೇ ಆತುರ! ಎಲ್ಲಿ, ಶೀಟುಗಳನ್ನ ಇಟ್ಟು ಹೋಗು. ಸಹಿ ಮಾಡಿ ಕೊಡ್ತೀನಿ.”

ಆ ನಗು ತಡವಾಗಿ ಬಂತು. ಈಗ ಅನ್ನಿಸುತ್ತದೆ. ಆಗ ನನ್ನ ಕಾಲು ಆಗಲೇ ಬಾಗಿಲ ಹೊರಗಿತ್ತು.

ಎರಡು ದಿನದಲ್ಲಿ ಆಗುವ ಸಹಿಗೆ ಆ ಸಲ ಹತ್ತೊಂಬತ್ತು ದಿನ ಹಿಡಿಯಿತು. ನಾನು ಉಗುರು ಕಚ್ಚುತ್ತ ದಿನ ಎಣಿಸಿದೆ. ಇಪ್ಪತ್ತನೇ ದಿನ ಶೀಟುಗಳು ಕೈಗೆ ಬಂದವು. ಒಂಬತ್ತರಲ್ಲೂ ಕೆಳಗಿನ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ಸಹಿ ಇತ್ತು. ಸಹಿಗಳನ್ನು ಎಣಿಸಿದೆನೇ ಹೊರತು ಇನ್ನೇನನ್ನೂ ನೋಡಲಿಲ್ಲ. ನೇರ ವರ್ಕ್‌ಶಾಪಿಗೆ ಓಡಿದೆ.

ಫಿಟ್ಟರಣ್ಣ ಲೋಹ ಕಡೆಯುವ ಲೇತಿನ ಪಕ್ಕದಲ್ಲಿ ನಿಂತು ಒಂದೊಂದೇ ಶೀಟನ್ನು ದೂರ ಹಿಡಿದು ಓದಿದ. ಏಳನೆಯದರ ಹತ್ತಿರ ನಿಂತ. ತೋಳು ಕಂಬಕ್ಕೆ ಸೇರುವ ಕಡೆ ಒಂದು ಪಿನ್ ಬರಬೇಕು. ಎತ್ತುವ ಭಾರವೆಲ್ಲ ಅದರ ಮೇಲೆ.

“ಏನಮ್ಮಾ, ಈ ಪಿನ್ನು ಹತ್ತು ಎಂಎಂ ಅಂತಿದೆ. ಸಣ್ಣ ಆಗಲ್ವಾ?”

“ಮೇಷ್ಟ್ರ ಸಹಿ ಇದೆಯಲ್ಲಣ್ಣಾ.”

“ಇದೆ. ಆದ್ರೂ ಕೇಳಿದೆ.”

“ಕಳ್ಳ ಆಗಲೇ ಸಿಕ್ಕಿಬಿದ್ದಾಯ್ತು. ಲೆಕ್ಕ ಎಲ್ಲ ಮಾಡೇ ಹಾಕಿರೋದು. ಶುರು ಮಾಡಣ್ಣಾ, ಈಗಾಗ್ಲೇ ತಡ ಆಗಿದೆ.”

ಲೆಕ್ಕವನ್ನೇನೋ ಮಾಡಿದ್ದೆ. ಲೆಕ್ಕದಲ್ಲಿ ಬಂದ ಅಂಕಿ ಎಷ್ಟು ಎಂದು ಆ ಗಳಿಗೆಯಲ್ಲಿ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಫಿಟ್ಟರಣ್ಣ ಭುಜ ಕುಣಿಸಿದ. ಪಿನ್ನಿನ ಅಳತೆಗೇ ತೂತು ಕೊರೆದ. ತೂತೂ ಹತ್ತು, ಪಿನ್ನೂ ಹತ್ತು. ಒಂದರೊಳಗೊಂದು ಹಿತವಾಗಿ ಕೂತವು. ಎರಡರಲ್ಲಿ ಒಂದು ಮಾತ್ರ ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಯಂತ್ರ ಸಿದ್ಧವಾದ ಮೇಲೆ ಪರೀಕ್ಷೆಯ ದಿನ ಬೆಳಗ್ಗೆ ಮೇಷ್ಟ್ರು ಕೋಟು ಬಿಚ್ಚಿ ಲೇತಿನ ಮೇಲೆ ಇಟ್ಟರು. ಅವರ ವಿದ್ಯಾರ್ಥಿಗಳು ಮಾಡಿದ ಯಾವುದೇ ಯಂತ್ರದಲ್ಲಿ ಮೊದಲು ಕೂರುವವರು ಅವರೇ. ಅದು ಅವರ ಹಳೇ ಹಟ. ಮರಳಿನ ಚೀಲ ಇಟ್ಟು ನೋಡೋಣ ಎಂದರೆ, “ಮರಳಿಗೆ ಭಯ ಆಗಲ್ಲ, ನನಗೆ ಆಗುತ್ತೆ. ಯಂತ್ರ ಹೇಗಿದೆ ಅಂತ ನಾನು ಹೇಳ್ತೀನಿ, ಮರಳು ಹೇಳುತ್ತಾ?” ಎನ್ನುತ್ತಿದ್ದರು. ಅಮ್ಮ ಹೊಲಿದ ಜೋಳಿಗೆಯಲ್ಲಿ ಕೂತರು. ನಾನು ಹಿಡಿ ತಿರುಗಿಸಿದೆ. ಅವರ ಕಾಲು ನೆಲ ಬಿಟ್ಟಿತು.

“ಹಾಯಾಗಿದೆ ಕಣೇ ಆತುರ. ನನಗೂ ಒಂದು ಮಾಡಿಕೊಡು, ಮುಪ್ಪಿಗೆ ಬೇಕಾಗುತ್ತೆ.”

ಎಲ್ಲರೂ ನಕ್ಕೆವು. ಇಳಿಸಿದೆ. ಮತ್ತೆ ಎತ್ತಿದೆ. ಮೂರನೇ ಸಲ ನನ್ನ ಸೊಂಟದ ಎತ್ತರಕ್ಕೆ ಬಂದಾಗ ಪಿನ್ನು ಬಾಗಿ ಹೊರಗೆ ಸಿಡಿಯಿತು. ತೋಳು ಕಳಚಿತು. ಮೇಷ್ಟ್ರು ಸಿಮೆಂಟಿನ ನೆಲದ ಮೇಲೆ ಬಿದ್ದರು, ತೋಳು ಅವರ ಮೇಲೆ ಬಿತ್ತು. ಅವರು ಕೂಗಲಿಲ್ಲ. “ಅಯ್ಯೋ,” ಎಂದರು, ಬಹಳ ಮೆತ್ತಗೆ, ಯಾರದೋ ವಸ್ತು ಕೈತಪ್ಪಿ ಒಡೆದಾಗ ಹೇಳುವ ಹಾಗೆ. ಕೂಗಿದವಳು ನಾನು.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಪರೇಷನ್ ಆಯಿತು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿ, ಏನಾಯಿತು ಎಂದು ಮೂರು ದಿನದಲ್ಲಿ ಬರೆದುಕೊಡಬೇಕೆಂದರು. ನಾನು ಏಳನೇ ಶೀಟು ತೆಗೆದು ನೋಡಿದೆ. ಹತ್ತು ಎಂದೇ ಇತ್ತು, ನನ್ನದೇ ಅಕ್ಷರ. ನನ್ನ ಲೆಕ್ಕದ ಪುಸ್ತಕದಲ್ಲಿ ಹದಿನಾರು. ಶೀಟಿಗೆ ಇಳಿಸುವಾಗ ನಾನೇ ತಪ್ಪು ಬರೆದಿದ್ದೇನೆ, ಆತುರಗೇಡಿ, ಒಬ್ಬ ಮನುಷ್ಯನ ಸೊಂಟ ಮುರಿದೆ ಎಂದು ಆ ದಿನವೆಲ್ಲ ನನ್ನನ್ನೇ ಶಪಿಸಿಕೊಂಡೆ.

ಮಾರನೇ ದಿನ ಮೇಷ್ಟ್ರ ಮಗಳು ಆಸ್ಪತ್ರೆಯಿಂದ ಫೋನು ಮಾಡಿದರು. “ಅಪ್ಪನ ಓದೋ ಕನ್ನಡಕ ಕಾಲೇಜಿನ ಡ್ರಾಯರ್‌ನಲ್ಲಿದೆಯಂತೆ. ಬರುವಾಗ ತರ್ತೀಯಾಮ್ಮಾ?”

ಕನ್ನಡಕ ಡ್ರಾಯರಿನ ಹಿಂಬದಿಯಲ್ಲಿತ್ತು. ಅದರ ಕೆಳಗೆ ಅಂಟಿಸಿದ ಲಕೋಟೆ, ಮೇಲೆ ನನ್ನ ರೋಲ್ ನಂಬರು. ನನ್ನ ಲಕೋಟೆಯನ್ನು ನನ್ನೆದುರೇ ಒಡೆದಾಗಿತ್ತಲ್ಲ? ತಾರೀಕು ನೋಡಿದೆ. ಕಳ್ಳನನ್ನು ಹಿಡಿದುಕೊಟ್ಟು, ಸಹಿಗೆಂದು ಶೀಟುಗಳನ್ನು ಬಿಟ್ಟುಹೋದ ಮೇಲಿನ ತಾರೀಕು. ಒಡೆದೆ. ‘ಶೀಟು ಏಳು. ಪಿನ್ನಿನ ವ್ಯಾಸ. ಸರಿಯಾದದ್ದು ಹದಿನಾರು.’ ಅವರದೇ ಮುದ್ದಾದ ಅಕ್ಷರ.

ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸೊನ್ನೆಯ ಅಡಿಯಲ್ಲಿ ನಾನು ಬರೆದಿದ್ದ ಆರರ ಗಾಯ ಕಾಣುತ್ತಿತ್ತು.

ಮೇಷ್ಟ್ರು ಮರೆತಿದ್ದರು. ಒಬ್ಬ ಕಳ್ಳನನ್ನು ಬಿಟ್ಟಾಗಿದೆ, ಅವನು ಸಿಕ್ಕಿದ್ದಾನೆ, ತಾವೇ ನನ್ನ ಬೆನ್ನು ತಟ್ಟಿದ್ದೇವೆ, ಯಾವುದೂ ನೆನಪಿರಲಿಲ್ಲ. ಹೊಸದಾಗಿ ಬಂದ ಶೀಟುಗಳೆಂದುಕೊಂಡು, ಎಂದಿನ ಶ್ರದ್ಧೆಯಿಂದ, ಇನ್ನೊಬ್ಬ ಕಳ್ಳನನ್ನು ಇಟ್ಟು ಲಕೋಟೆ ಅಂಟಿಸಿದ್ದರು. ಆಮೇಲೆ ಯಾವಾಗಲೋ, ಸಹಿಗೆ ಬಂದ ಶೀಟುಗಳು ಇವು ಎಂದು ನೆನಪಾಗಿ ಸಹಿ ಹಾಕಿದ್ದರು. ನನಗೆ ಮೊದಲು ಆದದ್ದು ಸಮಾಧಾನ, ನಾಚಿಕೆಯಿಲ್ಲದೆ ಹೇಳುತ್ತೇನೆ. ತಪ್ಪು ನನ್ನದಲ್ಲ! ಆಮೇಲೆ ಫಿಟ್ಟರಣ್ಣ ಕೇಳಿದ್ದು ನೆನಪಾಯಿತು. ಅದರ ಹಿಂದೆಯೇ ಮೇಷ್ಟ್ರ ನೆನಪು ಕೈಕೊಡುತ್ತಿದೆ ಎಂಬುದು ಹೊಳೆಯಿತು. ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹುಡುಕಿದ ತಲೆ ಅದು.

ಆಸ್ಪತ್ರೆಯಲ್ಲಿ ಮೇಷ್ಟ್ರು ಹಾಸಿಗೆಯ ಮೇಲೆ ಸಣ್ಣಗಾಗಿದ್ದರು. ಮಗಳು ಔಷಧಿ ತರಲು ಕೆಳಗೆ ಹೋದರು. ಆಕೆ ಹೋಗುವುದನ್ನೇ ಕಾಯುತ್ತಿದ್ದವರಂತೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನತ್ತ ತಿರುಗಿದರು.

“ಯಾವುದು ಮುರಿದಿದ್ದು?”

“ತೋಳಿನ ಪಿನ್ನು, ಮೇಷ್ಟ್ರೇ.”

“ಎಷ್ಟಿತ್ತು?”

“ಹತ್ತು.”

“ಎಷ್ಟಿರಬೇಕಿತ್ತು?”

“ಹದಿನಾರು.”

ಅವರು ಮೇಲೆ ತಿರುಗುವ ಫ್ಯಾನನ್ನು ನೋಡಿದರು. ಅವರ ಕೈ ಹೊದಿಕೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇತ್ತು.

“ಈಚೆಗೆ ನನಗೆ... ಹೋದ ತಿಂಗಳು ಮೊಮ್ಮಗನ ಸ್ಕೂಲಿನ ದಾರಿ ತಪ್ಪಿತು. ಮನೇಲಿ ಯಾರಿಗೂ ಹೇಳಿಲ್ಲ. ನಿನ್ನನ್ನ ಒಂದು ಕೇಳ್ತೀನಿ, ನಿಜ ಹೇಳು. ಆ ಹತ್ತು ನಿನ್ನ ಕೈಯಾ, ನನ್ನ ಕೈಯಾ?”

ಲಕೋಟೆ ನನ್ನ ಚೀಲದಲ್ಲಿತ್ತು. ಅವರ ಕಣ್ಣಿನಲ್ಲಿ ಅಂಥ ಹೆದರಿಕೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಬೀಳುವಾಗಲೂ ಇರಲಿಲ್ಲ.

“ನನ್ನದೇ ಮೇಷ್ಟ್ರೇ. ಶೀಟಿಗೆ ಇಳಿಸುವಾಗ ತಪ್ಪಾಯ್ತು. ಫಿಟ್ಟರಣ್ಣ ಕೇಳಿದ್ರು, ನಾನೇ ಸರಿ ಇದೆ ಅಂದೆ.”

ಅವರ ಮುಖ ಅರಳಿತು. ಸೊಂಟ ಮುರಿದುಕೊಂಡು ಮಲಗಿದ್ದ ಮನುಷ್ಯ ಮಗುವಿನ ಹಾಗೆ ಉಸಿರು ಬಿಟ್ಟು ನಕ್ಕರು. ಕಣ್ಣಲ್ಲಿ ನೀರು ಬಂತು. “ನೀನಾ? ಹಾಗಾದ್ರೆ ಸರಿ. ಹಾಗಾದ್ರೆ ಸರಿ ಬಿಡು,” ಎಂದು ಎರಡು ಸಲ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ತಾವು ಗೈಡ್ ಎನ್ನುವುದು ನೆನಪಾಯಿತು. ಹುಬ್ಬು ಗಂಟಿಕ್ಕಿತು.

“ಪಾಸ್ ಮಾಡಕ್ಕಾಗಲ್ಲ ನಿನ್ನ. ಗೊತ್ತಲ್ಲ? ಯಾವನೋ ರೋಗಿ ಬಿದ್ದಿದ್ರೆ ಏನ್ಮಾಡ್ತಿದ್ದೆ? ಒಂದು ವರ್ಷ ಮತ್ತೆ ಮಾಡು. ನನ್ನ ಹತ್ರಾನೇ ಮಾಡು.”

“ಆಗಲಿ ಮೇಷ್ಟ್ರೇ.”

ಮುಖ್ಯಸ್ಥರಿಗೂ ಹಾಗೇ ಬರೆದುಕೊಟ್ಟೆ. ಮನೆಗೆ ಬಂದು ಲಕೋಟೆಯನ್ನೂ ಚೀಟಿಯನ್ನೂ ಒಲೆಯ ಉರಿಗೆ ಹಿಡಿದೆ. ಅಮ್ಮ ಬಾಯಲ್ಲಿ ದಾರ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಏನು ಸುಡುತ್ತಿದ್ದೀಯ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಒಂದು ವರ್ಷ ಹೋಯಿತೆಂದು ಬಯ್ಯುತ್ತಾಳೆ ಎಂದುಕೊಂಡಿದ್ದೆ.

“ಅವರ ಮಗಳಿಗಾದ್ರೂ ಹೇಳ್ಬೇಕಿತ್ತು ಕಣೇ,” ಎಂದಳು. “ನಿಮ್ಮಜ್ಜಿ ಮೊದಲು ಕೈ ಜೋಮು ಹಿಡೀತಿದೆ ಅಂದಾಗ ನಾನೂ ಏನಿಲ್ಲ ಬಿಡಿ ಅತ್ತೆ ಅಂದಿದ್ದೆ.”

ನನಗೆ ರೇಗಿತು. ನಾನು ಒಳ್ಳೆಯದನ್ನೇ ಮಾಡಿದ್ದೇನೆ ಎಂದು ಜಗಳ ಆಡಿದೆ. ಅಜ್ಜಿಯನ್ನು ಎತ್ತುವ ಹೊತ್ತಾಗಿತ್ತು, ಅಮ್ಮ ಒಳಗೆ ಹೋದಳು.

ಮುಂದಿನ ವರ್ಷ ನನ್ನ ಜೊತೆಯವರೆಲ್ಲ ಹೊರಟುಹೋದರು. ಮೇಷ್ಟ್ರು ಕೋಲೂರಿಕೊಂಡು ವಾಪಸ್ ಬಂದರು. ಅವರ ಬಳಿ ನನ್ನನ್ನೂ ಸೇರಿಸಿ ನಾಲ್ಕು ಜನ. ನನ್ನ ಶೀಟುಗಳಲ್ಲಿ ಆ ವರ್ಷ ಮೂರು ಕಳ್ಳ ಅಳತೆ ಸಿಕ್ಕವು. ಒಂದನ್ನು ಅವರಿಗೆ ತೋರಿಸಿದೆ, ಎರಡನ್ನು ಮಾತಿಲ್ಲದೆ ತಿದ್ದಿಕೊಂಡೆ. ಉಳಿದ ಮೂವರ ಗತಿ? ದಿನಾ ಬೆಳಗ್ಗೆ ವರ್ಕ್‌ಶಾಪ್ ತೆರೆಯುವ ಹೊತ್ತಿಗೆ ಹೋಗಿ, ಆ ಮೂವರ ಸಹಿಯಾದ ಶೀಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದೆ. ಗಾಯ ಕಂಡ ಕಡೆ, “ಇಲ್ಲಿ ಇನ್ನೊಂದ್ಸಲ ಲೆಕ್ಕ ಮಾಡಿ,” ಎನ್ನುತ್ತಿದ್ದೆ. ನನಗಿಂತ ಚಿಕ್ಕವರು ಅವರು. ಫೇಲಾದವಳಿಗೆ ಬೇರೆಯವರ ಶೀಟಿನ ಉಸಾಬರಿ ಯಾಕೆ ಎಂದು ಮೂಗು ಮುರಿದರು, ನನ್ನನ್ನು ‘ಪೊಲೀಸ್’ ಎಂದು ಕರೆದರು. ಕರೆದುಕೊಳ್ಳಲಿ ಎಂದುಕೊಂಡೆ. ಒಂದು ಸುಳ್ಳನ್ನು ಕಾಯಲು ನಾನು ದಿನಕ್ಕೆ ಎರಡು ಗಂಟೆ ಕೊಡುತ್ತಿದ್ದೆ. ಕಾಯಬಲ್ಲೆ ಎಂಬ ಜಂಬವೂ ಇತ್ತು.

ಜ್ವರ ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ಹೋದಾಗ ಫಿಟ್ಟರಣ್ಣ ಲೇತು ನಿಲ್ಲಿಸಿ ನನಗಾಗಿ ಕಾಯುತ್ತಿದ್ದ. ಅವನ ಕೈಯಲ್ಲಿ ಒಂದು ಶೀಟು. ಒಬ್ಬ ಹುಡುಗ ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸುವ ಯಂತ್ರ ಮಾಡುತ್ತಿದ್ದ, ಅದರದು. ಕುರ್ಚಿ ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲಿನ ಆಳ ಎಂಟು ಇರಬೇಕಾದ ಕಡೆ ಮೂರು ಇತ್ತು.

“ಇದನ್ನ ನಾನೇ ಹಿಡಿದೆ,” ಎಂದ. “ಹೋದ ವರ್ಷ ಕೇಳಿದೆ, ನೀನು ಸಹಿ ತೋರಿಸಿದೆ. ಆ ಮನುಷ್ಯ ಬಿದ್ದದ್ದು ನನ್ನ ಕಣ್ಮುಂದೆ. ಇವತ್ತಿಂದ ಮೇಷ್ಟ್ರ ಸಹಿ ನೋಡ್ಕೊಂಡು ನಾನು ಒಂದು ತುಂಡೂ ಕತ್ತರಿಸಲ್ಲ. ಅವರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

“ನಿನಗೆ ಗೊತ್ತಿತ್ತಾ ಅಣ್ಣಾ?”

“ನೀನು ದಿನಾ ಬಂದು ಶೀಟು ಬೆಳಕಿಗೆ ಹಿಡೀತೀಯಲ್ಲ. ನಾನೇನು ಕುರುಡನಾ?”

ನಾನೇ ಹೇಳುತ್ತೇನೆ ಎಂದೆ. ಮೇಷ್ಟ್ರ ಕೋಣೆಯವರೆಗಿನ ಆ ಕಾರಿಡಾರಿನಲ್ಲಿ ಮೊದಲ ಬಾರಿಗೆ ನಿಧಾನವಾಗಿ ನಡೆದೆ.

ಮೇಷ್ಟ್ರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಬಾಗಿಲು ಮುಚ್ಚಿ, ನಿಂತುಕೊಂಡೇ ಹೇಳಿದೆ. ಪಿನ್ನು, ಲಕೋಟೆ, ಆರರ ಮೇಲಿನ ಸೊನ್ನೆ, ಆಸ್ಪತ್ರೆಯಲ್ಲಿ ಆಡಿದ ಸುಳ್ಳು, ಈ ವರ್ಷದ ಶೀಟುಗಳು. ಅವರು ಪೆನ್ಸಿಲ್ ಕೆಳಗಿಡಲಿಲ್ಲ.

“ಲಕೋಟೆ ಎಲ್ಲಿ?”

“ಸುಟ್ಟುಬಿಟ್ಟೆ.”

“ಅನುಕೂಲ ಆಯ್ತು,” ಎಂದರು. ದನಿಯಲ್ಲಿ ನಾನು ಕೇಳಿರದ ಕಹಿ ಇತ್ತು. “ಫೇಲ್ ಮಾಡಿದ ಸಿಟ್ಟಾ? ಒಂದು ವರ್ಷ ಹೊಟ್ಟೇಲಿಟ್ಕೊಂಡು ಈಗ ಕಕ್ಕೋಕೆ ಬಂದೆಯಾ? ನೀನೇ ಬರೆದುಕೊಟ್ಟಿದೀಯ, ನಿನ್ನ ಸಹಿ ಇದೆ. ನಿನ್ನ ತಪ್ಪನ್ನ ಮುದುಕನ ತಲೆಗೆ ಕಟ್ತೀಯಾ? ಹೋಗು ಆಚೆ.”

ಬಯ್ಗುಳ ನನಗೆ ನಾಟಿತು. ನಾನು ಅಳುತ್ತಿದ್ದೆ, ಅದನ್ನೇನು ಮುಚ್ಚಿಡುವುದು. ಆದರೂ ಹೋಗಲಿಲ್ಲ.

“ಈ ವರ್ಷ ನಾವು ನಾಲ್ಕು ಜನ ಮೇಷ್ಟ್ರೇ. ಒಬ್ಬೊಬ್ಬರಿಗೆ ಒಬ್ಬ ಕಳ್ಳ. ನಾಲ್ವರೂ ಸಿಕ್ಕಿದಾರೆ, ನಾಲ್ಕು ಲಕೋಟೇನೂ ನಮ್ಮೆದುರೇ ಒಡೆದಿದೀರಿ. ಡ್ರಾಯರ್‌ನಲ್ಲಿ ಒಂದೂ ಇರಬಾರದು.”

ಹೊರಗೆ ಯಾರೋ ನಗುತ್ತ ಹೋದರು. ಆಮೇಲೆ ಮೇಷ್ಟ್ರ ಕೈ ಡ್ರಾಯರಿನ ಹಿಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ತೆಗೆಯಬೇಡಿ, ನಾನು ಹೇಳಿದ್ದು ಸುಳ್ಳು, ಸಿಟ್ಟಿಗೆ ಹೇಳಿದೆ ಎಂದು ಕೂಗಿಬಿಡೋಣ ಅನ್ನಿಸಿತು. ಬಾಯಿ ಬಿಗಿಹಿಡಿದು ನಿಂತೆ. ಅವರು ಡ್ರಾಯರ್ ಎಳೆದು ಒಂದೊಂದೇ ಲಕೋಟೆಯನ್ನು ಮೇಜಿನ ಮೇಲೆ ಇಟ್ಟರು. ಒಂಬತ್ತು ಇದ್ದವು. ಎಲ್ಲ ಅಂಟಿಸಿದವು, ಎಲ್ಲದರ ಮೇಲೂ ರೋಲ್ ನಂಬರು, ತಾರೀಕು. ಒಂದರ ಮೇಲೆ ಹಿಂದಿನ ದಿನದ ತಾರೀಕಿತ್ತು. ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು, ಬೇರೆ ಯಾರಿಗೋ ಬಂದ ಕಾಗದ ತಮ್ಮ ಕೈ ಸೇರಿದ ಹಾಗೆ.

“ನನ್ನ ಅಕ್ಷರವೇ,” ಎಂದರು.

ಕ್ಷಮಿಸಿ ಎಂದೆ. ನಿಮಗೆ ನೋವಾಗಬಾರದು ಅಂತ ಹೇಳಿದ್ದು ಎಂದೆ. ಅವರು ತಲೆ ಎತ್ತಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

“ಆಸ್ಪತ್ರೇಲಿ ನಿನ್ನನ್ನ ಯಾಕೆ ಕೇಳಿದೆ ಗೊತ್ತಾ? ಮಗಳು ಸುಳ್ಳು ಹೇಳ್ತಾಳೆ, ಅಪ್ಪ ಅಂತ. ಡಾಕ್ಟರು ನಯವಾಗಿ ಹೇಳ್ತಾರೆ. ನೀನು ಅಳತೆ ಇದ್ದ ಹಾಗೆ ಹೇಳ್ತೀಯ ಅಂದ್ಕೊಂಡೆ. ಅವತ್ತು ನನ್ನ ತಲೆ ಇಷ್ಟು ಹಾಳಾಗಿರಲಿಲ್ಲ. ಒಂದು ವರ್ಷ ಇತ್ತು ನನ್ನ ಹತ್ರ. ನಾನೇ ನಿಲ್ಲಿಸಿ, ನಾನೇ ಎಲ್ಲ ಒಪ್ಪಿಸಿ, ತಲೆ ನೆಟ್ಟಗಿದ್ದಾಗ ಮನೆಗೆ ಹೋಗಬಹುದಿತ್ತು. ಮೊಮ್ಮಗನಿಗೆ ಸೈಕಲ್ ಕಲಿಸಬೇಕು ಅಂತಿದ್ದೆ. ಆ ವರ್ಷಾನ ನಾನು ಇಲ್ಲಿ ಕೂತು ಹುಡುಗರ ಶೀಟು ಹಾಳುಮಾಡೋದರಲ್ಲಿ ಕಳೆದೆ. ಇನ್ನೊಬ್ಬ ಬಿದ್ದಿದ್ರೆ?”

ನನ್ನ ಒಂದು ವರ್ಷವನ್ನು ಅವರಿಗಾಗಿ ತ್ಯಾಗ ಮಾಡಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವರದು ಇನ್ನೆಷ್ಟು ಉಳಿದಿತ್ತು ಎಂದು ಒಮ್ಮೆಯೂ ಅಳೆದಿರಲಿಲ್ಲ.

ಅವರು ಲಕೋಟೆಗಳನ್ನು ಜೋಡಿಸಿ ಕೈಯಲ್ಲಿ ಹಿಡಿದು ಎದ್ದರು. ಕೋಲು ಹುಡುಕಿದರು. ನಾನು ಎತ್ತಿಕೊಟ್ಟೆ. ತೋಳು ಹಿಡಿಯಲು ಹೋದಾಗ ಕೊಡವಿಕೊಂಡರು.

“ನೀನು ಇಲ್ಲೇ ಇರು. ಮುಖ್ಯಸ್ಥರಿಗೆ ನಾನೇ ಹೇಳಬೇಕು.”

ಬಾಗಿಲಲ್ಲಿ ನಿಂತು ನೋಡಿದೆ. ಕಾರಿಡಾರಿನ ಉದ್ದಕ್ಕೂ ಕೋಲಿನ ಸದ್ದು ಸಮನಾಗಿ ಹೋಗುತ್ತಿತ್ತು. ನೋಟಿಸ್ ಬೋರ್ಡಿನ ಹತ್ತಿರ ಕಾರಿಡಾರು ಎರಡಾಗುತ್ತದೆ. ಬಲಕ್ಕೆ ವರ್ಕ್‌ಶಾಪು, ಎಡಕ್ಕೆ ಮುಖ್ಯಸ್ಥರ ಕೋಣೆ. ಅಲ್ಲಿ ಅವರು ನಿಂತರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಬೋರ್ಡಿನ ಮೇಲಿನ ಕಾಗದಗಳನ್ನು ಓದುತ್ತಿರುವವರಂತೆ ಮುಖ ಅತ್ತ ಮಾಡಿದರು. ಪಕ್ಕದಲ್ಲಿ ಹಾದುಹೋದ ಹುಡುಗರು ನಮಸ್ಕಾರ ಮಾಡಿದರು, ಅವರು ತಲೆಯಾಡಿಸಿದರು. ಹುಡುಗರು ಹೋದ ಮೇಲೂ ಅಲ್ಲೇ ನಿಂತಿದ್ದರು.

ಓಡಿಹೋಗಿ, ನನಗೂ ಆ ಕಡೆಯೇ ಕೆಲಸವಿದೆ ಎಂದು ನೆಪ ಹೇಳಿ ಜೊತೆಯಲ್ಲಿ ನಡೆಯಬಹುದಿತ್ತು. ಕಾಲು ಆಗಲೇ ಹೊಸ್ತಿಲು ದಾಟಿತ್ತು. ತಡೆದುಕೊಂಡೆ.

“ಎಡಕ್ಕೆ, ಮೇಷ್ಟ್ರೇ,” ಎಂದು ಕೂಗಿದೆ. “ಮೂರನೇ ಬಾಗಿಲು.”

ಅವರು ತಿರುಗಿ ನೋಡಲಿಲ್ಲ. ಲಕೋಟೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಎಡಕ್ಕೆ ಹೊರಳಿದರು. ಒಂದು, ಎರಡು ಎಂದು ಅವರು ಗಟ್ಟಿಯಾಗಿ ಬಾಗಿಲುಗಳನ್ನು ಎಣಿಸುತ್ತ ಹೋಗುವುದು ನನಗೆ ಕೇಳಿಸುತ್ತಿತ್ತು.